ನಿಮಗಿದು ಗೊತ್ತೆ? ಗಿಟಾರಿಗೆ ಒಲಿದ ಗುಡುಗುಡಿ
ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿಗಳ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ರಾತ್ರಿಯಿಡೀ ನಡೆಯುವ ಭಜನೆಗಳನ್ನು ಕೇಳಿ ಬೆಳೆದವರಿಗೆ ಶಿಶುನಾಳ ಶರೀಫರ (1819–1889) ತತ್ತ್ವಪದಗಳು ಹೊಸವಲ್ಲ. ಆದರೆ ಹುಕ್ಕಾವನ್ನೇ ರೂಪಕವಾಗಿಸಿ ಅಧ್ಯಾತ್ಮವನ್ನು ನುಡಿಯುವ ಅವರ ‘ಗುಡುಗುಡಿ’ಯ ಪದವು 2008ರಲ್ಲಿ ರಾಕ್ ತಂಡವೊಂದರ ಚೊಚ್ಚಲ ಆಲ್ಬಮ್ಮಿನೊಳಗೆ, ಹಿಂದಿ ಮತ್ತು ಇಂಗ್ಲಿಷ್ ಗೀತೆಗಳ ಪಂಕ್ತಿಯಲ್ಲಿ, ಕನ್ನಡದಲ್ಲಿಯೇ ವಿರಾಜಮಾನವಾಯಿತೆಂಬುದನ್ನು ಬಲ್ಲವರು ವಿರಳ.

ಮೈಸೂರಿನಲ್ಲಿ ಸೂಕ್ಷ್ಮಜೀವಶಾಸ್ತ್ರವನ್ನು ವ್ಯಾಸಂಗ ಮಾಡಿ, ಭರತನಾಟ್ಯವನ್ನೂ ಅಭ್ಯಸಿಸಿ, ‘ಅಂತರಾಗ್ನಿ’ ಎಂಬ ತಂಡವನ್ನು ಮೊದಲು ಕಟ್ಟಿದ್ದ, ಈ ರಾಕ್ ತಂಡದ ಗಾಯಕ ರಘು ದೀಕ್ಷಿತರು ಧ್ವನಿಮುದ್ರಣ ಸಂಸ್ಥೆಗಳ ನಿರಾಕರಣೆಯನ್ನು ವರ್ಷಗಟ್ಟಲೆ ಸಹಿಸಿದ ಮೇಲೆ, ಆ ಆಲ್ಬಮ್ಮನ್ನು ಹೊರತಂದವರು ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿ. ಚಿತ್ರರಂಗದ ಹಂಗಿಲ್ಲದ ಸಂಗೀತಕ್ಕೆ ಚಿತ್ರರಂಗದವರೇ ಆಸರೆಯಾದದ್ದು ವಿನೋದವೇ ಸರಿ!

ಡ್ರಮ್ಮು, ಬೇಸ್ ಗಿಟಾರುಗಳ ನಡುವೆ ಶರೀಫಜ್ಜನೆ ಎಂದು ಹುಬ್ಬುಗಂಟಿಕ್ಕುವವರು ಇಲ್ಲದಿಲ್ಲ. ಆದರೆ ತತ್ತ್ವಪದವು ಎಂದೂ ಒಂದೇ ಮಟ್ಟಿಗೆ ಕಟ್ಟುಬಿದ್ದುದಲ್ಲ. ಊರಿಂದೂರಿಗೆ, ಕಂಠದಿಂದ ಕಂಠಕ್ಕೆ ಅದರ ಧಾಟಿ ಬದಲಾಗುತ್ತಲೇ ಬಂದಿದೆ, ಸಿ. ಅಶ್ವತ್ಥರು ಅದನ್ನು ಸುಗಮಸಂಗೀತದ ವೇದಿಕೆಗೆ ತಂದಾಗಲೂ ಆದದ್ದು ಅದೇ. ಕಣ್ಣು ಮುಚ್ಚಿ ಕೇಳಿದರೆ ಗಿಟಾರಿನ ಮೀಟಿನಲ್ಲಿ ಏಕತಾರಿಯ ಛಾಯೆಯೇ ನನಗೆ ಕಾಣುತ್ತದೆ.

ಬಣ್ಣದ ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವ ರಘು ದೀಕ್ಷಿತರು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡರ ಪ್ರಸಿದ್ಧ ದೂರದರ್ಶನ ಕಾರ್ಯಕ್ರಮದಲ್ಲಿಯೂ ತಮ್ಮ ತಂಡದೊಡನೆ ಹಾಡಿದರು.