ನೆನಪಿಗೊಂದು ಸೂತ್ರ

ನೆನಪಿನ ಶಕ್ತಿಯು ಕೆಲವರಿಗೆ ಮಾತ್ರ ಒಲಿದ ವರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಹುಕಾಲ ಛಂದಸ್ಸಿನ ಪಾಠ ಹೇಳಿದ ನನಗೆ ಹಾಗೆ ತೋರುವುದಿಲ್ಲ. ನೆನಪು ಬಹುಮಟ್ಟಿಗೆ ರೂಢಿಸಿಕೊಳ್ಳಬಹುದಾದ ವಿದ್ಯೆ.

ಅಕ್ಷರಗಣಗಳು ಎಂಟು, ಒಂದೊಂದರಲ್ಲೂ ಮೂರು ಅಕ್ಷರಗಳು, ಗುರುಲಘುಗಳ ವಿನ್ಯಾಸ ಬೇರೆ ಬೇರೆ. ಇವನ್ನು ಬಿಡಿಬಿಡಿಯಾಗಿ ಉರುಹೊಡೆದರೆ ಕೆಲವೇ ದಿನಗಳಲ್ಲಿ ಒಂದರೊಡನೊಂದು ಕಲಸಿಹೋಗುತ್ತವೆ. 'ಯಮಾತಾರಾಜಭಾನಸಲಗಂ' ಎಂಬ ಹತ್ತಕ್ಷರದ ಸೂತ್ರ ಈ ತೊಡಕನ್ನು ಬಿಡಿಸುತ್ತದೆ. ಯಾವ ಗಣ ಬೇಕೋ ಆ ಅಕ್ಷರದಿಂದ ಹೊರಟು ಮೂರನ್ನು ಎಣಿಸಿದರಾಯಿತು. 'ಯಮಾತಾ' ಎಂದರೆ ಒಂದು ಲಘು, ಎರಡು ಗುರು, ಅದು ಯಗಣ. 'ರಾಜಭಾ' ಎಂದರೆ ಗುರು, ಲಘು, ಗುರು, ಅದು ರಗಣ. ಕೊನೆಯ 'ಲ', 'ಗಂ' ಲಘುಗುರುಗಳ ಗುರುತು. ಇಲ್ಲಿ ಹೆಸರೂ ಲಕ್ಷಣವೂ ಒಂದೇ ಉಸಿರಿನಲ್ಲಿ ದೊರೆಯುತ್ತವೆ.

ಸಂಖ್ಯೆಗಳಿಗೆ ಇಂಥದೇ ಉಪಾಯ ಕಟಪಯಾದಿ. ಇದರಲ್ಲಿ ಪ್ರತಿಯೊಂದು ವ್ಯಂಜನಕ್ಕೂ ಒಂದು ಅಂಕಿಯುಂಟು. ಕರ್ಣಾಟಕ ಸಂಗೀತದ 72 ಮೇಳಗಳ ಹೆಸರುಗಳಲ್ಲಿ ಮೊದಲೆರಡು ಅಕ್ಷರಗಳ ಅಂಕಿಗಳನ್ನು ತಿರುವುಮುರುವಾಗಿ ಓದಿದರೆ ಮೇಳದ ಸಂಖ್ಯೆ ಸಿಗುತ್ತದೆ. 'ಮೇಚಕಲ್ಯಾಣಿ'ಯಲ್ಲಿ ಮ ಐದು, ಚ ಆರು, ಮೇಳ 65. 'ಧೀರಶಂಕರಾಭರಣ'ದಲ್ಲಿ ಧ ಒಂಬತ್ತು, ರ ಎರಡು, ಮೇಳ 29. ಕಲ್ಯಾಣಿಗೆ 'ಮೇಚ'ವೂ ಶಂಕರಾಭರಣಕ್ಕೆ 'ಧೀರ'ವೂ ಅಂಟಿಕೊಂಡದ್ದು ಈ ಲೆಕ್ಕಕ್ಕಾಗಿಯೇ.

ಇವು ಫಲಿಸುವುದೇಕೆ? ಮನಸ್ಸು ಒಮ್ಮೆಗೆ ಹಿಡಿಯಬಲ್ಲ ಘಟಕಗಳು ಸುಮಾರು ಏಳೆಂದು ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಘಟಕಗಳ ಸಂಖ್ಯೆ ಹಿಗ್ಗದಿದ್ದರೂ ಒಂದೊಂದರೊಳಗೆ ಹೆಚ್ಚನ್ನು ತುಂಬಬಹುದು. ಸೂತ್ರ ಮಾಡುವ ಕೆಲಸ ಅದೇ. ಆದರೆ ಸೂತ್ರವೂ ಮರೆಯುವಂಥದೇ. ಮರೆವು ಮೊದಲು ವೇಗವಾಗಿಯೂ ಬಳಿಕ ನಿಧಾನವಾಗಿಯೂ ನಡೆಯುತ್ತದೆಂದು ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ಆದ್ದರಿಂದ ಇಂದು ಕಲಿತದ್ದನ್ನು ನಾಳೆ ಪುಸ್ತಕ ಮುಚ್ಚಿ ಹೇಳಿಕೊಳ್ಳಬೇಕು. ನಾಲ್ಕು ದಿನ ಬಿಟ್ಟು ಮತ್ತೊಮ್ಮೆ.

ಎಲ್ಲವೂ ಜೇಬಿನ ಫೋನಿನಲ್ಲಿರುವಾಗ ಈ ಶ್ರಮವೇಕೆಂದು ಯಾರಾದರೂ ಕೇಳಬಹುದು. ಗಮಕಿಗಳು ವೃತ್ತವೊಂದನ್ನು ವಾಚಿಸುವಾಗ ಅದರ ನಡೆಯನ್ನು ಹುಡುಕಿ ನೋಡುವಷ್ಟು ಬಿಡುವಿರುವುದಿಲ್ಲ. ಗಣಗಳು ಕಿವಿಯಲ್ಲಿ ನೆಲೆಸಿದ್ದವರಿಗೆ ಕವಿ ಎಲ್ಲಿ ತಡೆದ, ಎಲ್ಲಿ ಹರಿಯಬಿಟ್ಟ ಎಂಬುದು ಆ ಕ್ಷಣವೇ ತಿಳಿಯುತ್ತದೆ. ಉಳಿದವರಿಗೆ ಪದ್ಯ ಮುಗಿದಿರುತ್ತದೆ.