ಗಾಳದ ಕೋಲು, ತಲೆ ಮೇಲಿನ ಲೈನು

ಗಾಳ ಹಾಕೋಕೆ ಹೋದವರು ನೀರು ನೋಡ್ತಾರೆ, ದಡ ನೋಡ್ತಾರೆ. ತಲೆ ಎತ್ತಿ ನೋಡೋರು ಕಮ್ಮಿ. ಆದರೆ ನಮ್ಮ ಕಡೆ ಕೆರೆ, ಹೊಳೆ ಪಕ್ಕದಲ್ಲೇ ಪಂಪ್‌ಸೆಟ್ ಇರುತ್ತೆ, ಪಂಪ್‌ಸೆಟ್ ಇದ್ದಲ್ಲಿ ಕರೆಂಟ್ ಲೈನೂ ಇರುತ್ತೆ.

ಒಂದು ಸಣ್ಣ ಲೆಕ್ಕ ಮಾಡೋಣ. ರಸ್ತೆ ಬಿಟ್ಟು ಬೇರೆ ಕಡೆ ಹಾದುಹೋಗುವ 11 ಕೆವಿಯ ಬರಿ ತಂತಿ ನೆಲದಿಂದ ಕನಿಷ್ಠ 4.6 ಮೀಟರ್ ಎತ್ತರ ಇದ್ದರೆ ಸಾಕು ಅನ್ನುತ್ತೆ ನಿಯಮ. ಈಗ ಆನ್‌ಲೈನಲ್ಲಿ ಸಿಗೋ ಹನ್ನೆರಡು ಅಡಿಯ ರಾಡ್ ತಗೊಳ್ಳಿ, ಅಂದರೆ ಸುಮಾರು 3.6 ಮೀಟರ್. ಬೀಸಿ ಎಸೆಯುವಾಗ ಕೈ ತಲೆ ಮಟ್ಟಕ್ಕೆ, 1.6 ಮೀಟರಿಗೆ ಬರುತ್ತೆ. ಹಿಡಿಯ ಕೆಳಗಿನ ತುಂಡು ಕಳೆದರೂ ರಾಡ್‌ನ ತುದಿ 4.8 ಮೀಟರ್ ಮುಟ್ಟುತ್ತೆ. ಅಂದರೆ ನಿಯಮದ ಪ್ರಕಾರವೇ ಎಳೆದ ಲೈನಿಗೂ ತಗಲುತ್ತೆ! ಎರಡು ಕಂಬಗಳ ಮಧ್ಯೆ ಜೋತುಬಿದ್ದ ಹಳೇ ತಂತಿಯ ಕಥೆ ಹೇಳೋದೇ ಬೇಡ.

ಹಳೇ ಬಿದಿರು ಕೋಲಿಗಿಂತ ಈ ಹೊಸ ರಾಡ್‌ಗಳು ಅಪಾಯ. ಹಗುರ ಇರಲಿ ಅಂತ ಬಳಸೋ ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತೆ. ಹಾಗಂತ ಬಿದಿರನ್ನೂ ನಂಬೋ ಹಾಗಿಲ್ಲ, ಒದ್ದೆಯಾದರೆ ಅದರಲ್ಲೂ ಹರಿಯುತ್ತೆ.

ತಂತಿ ಮೇಲೆ ಕೂತ ಹಕ್ಕಿಗೆ ಏನೂ ಆಗಲ್ಲವಲ್ಲ ಅಂತ ಕೇಳಬಹುದು. ಅದು ಒಂದೇ ತಂತಿ ಮುಟ್ಟಿರುತ್ತೆ, ಭೂಮಿ ಮುಟ್ಟಿರಲ್ಲ. ನಾವು ಮಾತ್ರ ಹಸಿ ಮಣ್ಣಲ್ಲಿ ಬರಿಗಾಲಲ್ಲಿ ನಿಂತಿರುತ್ತೇವೆ. 11 ಕೆವಿ ಲೈನಿನ ಒಂದು ತಂತಿಗೂ ಭೂಮಿಗೂ ಮಧ್ಯೆ ಸುಮಾರು 6,350 ವೋಲ್ಟ್. ಮೈಯ ರೆಸಿಸ್ಟೆನ್ಸ್ ಸಾವಿರ ಓಮ್ ಅಂತ ಇಟ್ಟರೆ ಆರು ಆಂಪಿಯರ್. ಮನೆಯಲ್ಲಿ ನಮ್ಮನ್ನು ಕಾಯೋ ಆರ್‌ಸಿಸಿಬಿ 0.03 ಆಂಪಿಯರಿಗೇ ಟ್ರಿಪ್ ಆಗುತ್ತೆ. ಲೈನಿನ ಬ್ರೇಕರ್ ಇರೋದು ಲೈನ್ ಕಾಯೋಕೆ, ಮನುಷ್ಯನನ್ನಲ್ಲ.

ಮುಟ್ಟಲೇಬೇಕು ಅಂತಾನೂ ಇಲ್ಲ. ತುದಿ ತೀರಾ ಹತ್ತಿರ ಹೋದರೆ ಗಾಳಿಯಲ್ಲೇ ಕಿಡಿ ಹಾರುತ್ತೆ. 220 ಕೆವಿ ಟವರ್ ಲೈನಲ್ಲಿ ಆ ಅಂತರ ಇನ್ನೂ ಜಾಸ್ತಿ. ಎಷ್ಟು ಹತ್ತಿರ ಇದೀವಿ ಅಂತ ಕೆಳಗೆ ನಿಂತು ಕಣ್ಣಳತೆಯಲ್ಲಿ ಹೇಳೋಕಾಗಲ್ಲ. ಬ್ರಿಟನ್‌ನಲ್ಲಿ ಲೈನಿಂದ 30 ಮೀಟರ್ ದೂರ ಕೂತು ಗಾಳ ಹಾಕಿ ಅನ್ನೋದು ಇದಕ್ಕೇ. ನಾವೂ ಅದನ್ನೇ ಇಟ್ಟುಕೊಳ್ಳಬಹುದು, ಒಂದು ಕಂಬದಿಂದ ಇನ್ನೊಂದು ಕಂಬದ ತನಕ ಇರೋ ದೂರಕ್ಕಿಂತ ಅದು ಕಮ್ಮಿನೇ. ಜಾಗ ಬದಲಾಯಿಸುವಾಗ ರಾಡ್ ಮಡಚಿ, ನೆಲಕ್ಕೆ ಅಡ್ಡವಾಗಿ ಹಿಡಿದು ನಡೀರಿ. ಎಸೆಯುವಾಗ ಇದ್ದ ಎಚ್ಚರ ನಡೆಯುವಾಗ ಇರಲ್ಲ.

ಗಾಳ ತಂತಿಗೆ ಸಿಕ್ಕಿಹಾಕಿಕೊಂಡರೆ ಎಳೆಯಬೇಡಿ. ದಾರನೂ ಕತ್ತರಿಸಬೇಡಿ. ಬಿಟ್ಟು ದೂರ ಬಂದು 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಶಾಕ್ ಹೊಡೆದರೆ ಒಣ ಕೋಲಿಂದ ಬಿಡಿಸಿ ಅಂತ ಚಿಕ್ಕಂದಿನಲ್ಲಿ ಓದಿರುತ್ತೇವೆ. ಅದು ಮನೆಯ 230 ವೋಲ್ಟ್‌ಗೆ ಹೇಳಿದ ಮಾತು, 11 ಕೆವಿಗೆ ನಡೆಯಲ್ಲ. ಸದ್ದು ನಿಂತರೂ ಹತ್ತಿರ ಹೋಗಬೇಡಿ, ಟ್ರಿಪ್ ಆದ ಲೈನನ್ನು ಮತ್ತೆ ಚಾರ್ಜ್ ಮಾಡ್ತಾರೆ. ಲೈನ್ ಆಫ್ ಮಾಡಿದ್ದೇವೆ ಅಂತ 1912ರವರೋ ಲೈನ್‌ಮನ್ನೋ ಹೇಳಿದ ಮೇಲೆಯೇ ಮುಟ್ಟಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಲಿ.