ಹದ್ದಿನ ತೂಕ, ನಾಯಿಯ ತೂಕ

ಧಾರವಾಡದಿಂದ ಸವದತ್ತಿ ರಸ್ತೆ ಹಿಡಿದರೆ ಸಿಗುವ ಅಮ್ಮಿನಬಾವಿಯಂಥ ಊರುಗಳಲ್ಲಿ ಕೋಳಿ ಸಾಕಿದವರಿಗೆ ಆಕಾಶದ ಮೇಲೆ ಯಾವಾಗಲೂ ಒಂದು ಕಣ್ಣು. ಹದ್ದಿನ ನೆರಳು ಅಂಗಳದಲ್ಲಿ ಸರಿದರೆ "ಏ ತಮ್ಮಾ, ಹದ್ದು ಬಂತಲೇ, ಮರಿ ಒಳಗ ಹಾಕು" ಎಂಬ ಕೂಗು ಏಳುತ್ತದೆ. ತಾಯಿಕೋಳಿ ಅದಕ್ಕೂ ಮೊದಲೇ ದನಿ ಬದಲಿಸಿ ಮರಿಗಳನ್ನು ರೆಕ್ಕೆಯಡಿ ಕರೆದುಕೊಂಡಿರುತ್ತದೆ. ಕೋಳಿಮರಿಯ ಮಟ್ಟಿಗೆ ಈ ಭಯ ನೂರಕ್ಕೆ ನೂರು ನಿಜ. ಈಗ ಹಳ್ಳಿಗಳಿಗೂ ಪೊಮೇರಿಯನ್, ಪಗ್, ಶಿಹ್ ತ್ಸು ಬಂದಿವೆ. ಬಿಳಿ ಉಣ್ಣೆಯ ಉಂಡೆಯಂಥ ನಾಯಿ ಮಾಳಿಗೆಯ ಮೇಲೆ ಓಡಾಡುವಾಗ ಮೇಲೆ ಹದ್ದು ಸುತ್ತು ಹಾಕಿದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಕೋಳಿಮರಿಯ ಭಯವೇ ನಾಯಿಗೂ ಹತ್ತಿದೆ. ಆದರೆ ಕೋಳಿಮರಿಗೂ ಈ ನಾಯಿಗೂ ತೂಕದಲ್ಲಿ ಅಜಗಜಾಂತರವಿದೆ, ಮತ್ತು ಹಕ್ಕಿಯ ಲೋಕದಲ್ಲಿ ಎಲ್ಲವನ್ನೂ ನಿರ್ಧರಿಸುವುದು ತೂಕವೇ.

ನಮ್ಮ ಊರುಗಳ ಮೇಲೆ ಸುತ್ತುವ ಕಂದು ಬಣ್ಣದ, ಬಾಲದ ತುದಿ ಕವಲೊಡೆದ ಹದ್ದು ರೆಕ್ಕೆ ಚಾಚಿದರೆ ಸುಮಾರು ಐದು ಅಡಿ ಅಗಲ. ನೋಡಿದರೆ ಕರುವನ್ನೇ ಎತ್ತೊಯ್ಯುವಂತೆ ಕಾಣುತ್ತದೆ. ಆದರೆ ಅದರ ಮೈತೂಕ ಒಂದು ಕಿಲೋ ಕೂಡ ಇರುವುದಿಲ್ಲ. ಬಹುಪಾಲು ಹದ್ದುಗಳು 600ರಿಂದ 900 ಗ್ರಾಂ ತೂಗುತ್ತವೆ. ಕೆಂಗಂದು ಮೈ, ಬಿಳಿ ತಲೆಯ ಗರುಡ ಇದಕ್ಕಿಂತಲೂ ಹಗುರ. ಚಳಿಗಾಲದಲ್ಲಿ ಕಡಲೆ, ಜೋಳದ ಎರೆಹೊಲಗಳ ಮೇಲೆ ತೀರಾ ತಗ್ಗಿನಲ್ಲಿ ತೇಲಿ ಸಾಗುವ ಹ್ಯಾರಿಯರ್‌ಗಳು ಮಧ್ಯ ಏಷ್ಯಾದ ಕಡೆಯಿಂದ ಬರುವ ವಲಸೆಗಾರರು. ಅವುಗಳಲ್ಲಿ ಮಾಂಟೆಗೂ ಹ್ಯಾರಿಯರ್‌ನ ಹೆಣ್ಣೂ ಅರ್ಧ ಕಿಲೋ ಮುಟ್ಟುವುದಿಲ್ಲ. ಅದಕ್ಕೆ ಬೇಕಾದದ್ದು ಮಿಡತೆ, ಇಲಿ, ಸಣ್ಣ ಹಕ್ಕಿ. ನಮ್ಮ ನಾಯಿಯತ್ತ ಅದು ತಿರುಗಿಯೂ ನೋಡುವುದಿಲ್ಲ.

ಹಾರುವ ಜೀವಕ್ಕೆ ಹೊರೆ ಯಾಕೆ ಅಷ್ಟು ಕಷ್ಟ? ರೆಕ್ಕೆಯ ಅಗಲ ಇದ್ದಷ್ಟೇ ಇರುತ್ತದೆ. ಹೊರೆ ಸೇರಿದಾಗ ಅದೇ ರೆಕ್ಕೆ ಹೆಚ್ಚು ಗಾಳಿಯನ್ನು ಹೆಚ್ಚು ರಭಸದಿಂದ ಕೆಳಕ್ಕೆ ತಳ್ಳಬೇಕು. ಒಟ್ಟು ಭಾರ ಇಮ್ಮಡಿಯಾದರೆ ಗಾಳಿಯಲ್ಲಿ ನಿಲ್ಲಲು ಬೇಕಾಗುವ ಶಕ್ತಿ ಇಮ್ಮಡಿಯಲ್ಲ, ಸುಮಾರು 2.8 ಪಟ್ಟು ಏರುತ್ತದೆ. ಹದ್ದಿನ ಎದೆಯ ಸ್ನಾಯುಗಳಲ್ಲಿ ಅಷ್ಟು ಮೀಸಲು ಇಲ್ಲ. ಹಾಗಾಗಿ ಬೇಟೆಹಕ್ಕಿಗಳು ತಮ್ಮ ತೂಕದ ಅರ್ಧದಷ್ಟು ಹೊರೆಯನ್ನು ಹೇಗೋ ಒಯ್ಯುತ್ತವೆ. ತಮ್ಮಷ್ಟೇ ತೂಕದ್ದನ್ನು ಎತ್ತಬೇಕಾದರೆ ಎದುರುಗಾಳಿಯೋ ಇಳಿಜಾರೋ ಕೈಹಿಡಿಯಬೇಕು. ನಮ್ಮ ಮನೆಗಳ ಪೊಮೇರಿಯನ್ 5ರಿಂದ 7 ಕಿಲೋ, ಪಗ್ ಅದಕ್ಕಿಂತ ಒಂದು ಕೈ ಹೆಚ್ಚು. ತೀರಾ ಪುಟ್ಟ ಚಿವಾವ ಕೂಡ ಹದ್ದಿಗಿಂತ ಎರಡು ಪಟ್ಟು ತೂಗುತ್ತದೆ.

2012ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನ ಉದ್ಯಾನವೊಂದರಲ್ಲಿ ಹೊನ್ನಹದ್ದು ಮಗುವನ್ನೇ ಎತ್ತಿ ಹಾರುವ ವಿಡಿಯೊ ಲೋಕವೆಲ್ಲ ಸುತ್ತಿತು. ಅದು ಅಲ್ಲಿನ ಅನಿಮೇಷನ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಕಟ್ಟಿದ ದೃಶ್ಯವೆಂದು ಮರುದಿನವೇ ಗೊತ್ತಾದರೂ ಜನರ ಮನಸ್ಸಿನಲ್ಲಿ ಉಳಿದದ್ದು ವಿಡಿಯೊವೇ. ಹೊನ್ನಹದ್ದು ನಿಜಕ್ಕೂ ದೊಡ್ಡ ಹಕ್ಕಿ, ಆರು ಕಿಲೋವರೆಗೂ ಬೆಳೆಯುತ್ತದೆ, ಆದರೆ ಅದರ ನೆಲೆ ನಮ್ಮ ದೇಶದಲ್ಲಿ ಹಿಮಾಲಯ. ಕರ್ನಾಟಕದ ಕಲ್ಲುಗುಡ್ಡಗಳಲ್ಲಿ ಕಾಣುವ ಬೊನೆಲ್ಲಿ ಗಿಡುಗ ಒಂದೂವರೆಯಿಂದ ಎರಡೂವರೆ ಕಿಲೋ ತೂಗುವ ಶೂರ ಬೇಟೆಗಾರ. ಅದು ಮೊಲ, ಕೌಜುಗ, ಪಾರಿವಾಳ ಹಿಡಿಯುತ್ತದೆ. ಇಂಥ ಗಿಡುಗಗಳ ಕಾಲಿನಲ್ಲಿ ಒಂದು ಸೊಗಸಾದ ಯಂತ್ರವಿದೆ. ಬೆರಳು ಮಡಿಸುವ ಸ್ನಾಯುರಜ್ಜುವಿನ ಮೇಲೆ ಗಂಟುಗಂಟಾದ ಉಬ್ಬುಗಳು, ಅದನ್ನು ಸುತ್ತಿದ ಪೊರೆಯೊಳಗೆ ಅಡ್ಡಗೆರೆಗಳು. ಬೇಟೆಯನ್ನು ಅಮುಕಿದಾಗ ಉಬ್ಬು ಗೆರೆಗೆ ಸಿಕ್ಕಿ ಹಿಡಿತ ಬೀಗ ಹಾಕಿದಂತೆ ನಿಲ್ಲುತ್ತದೆ. ಆಮೇಲೆ ಹಕ್ಕಿ ಬಲ ವ್ಯಯಿಸದೆಯೇ ಹಿಡಿದಿರಬಲ್ಲದು. ಬೊನೆಲ್ಲಿಯಂಥ ಹಕ್ಕಿ ಎರಡು ಕಿಲೋದ ನಾಯಿಮರಿಯ ಮೇಲೆ ಎರಗಿದರೆ ಎತ್ತಿಕೊಂಡು ಹೋಗಲಾರದಿದ್ದರೂ ಗಾಯ ಮಾಡಬಲ್ಲದು. ಗುಡ್ಡದ ಅಂಚಿನ ತೋಟದ ಮನೆಯಲ್ಲಿ ಇರುವವರು ಅಷ್ಟು ನೆನಪಿಟ್ಟರೆ ಸಾಕು.

ಊರಿನ ಹದ್ದು ಹಾಗಲ್ಲ. ಅದರ ಕಾಲು ಬಡಪಾಯಿ. ಸತ್ತದ್ದು, ಬಿದ್ದದ್ದು, ಇಲಿ, ಕೋಳಿಯ ಕರುಳು ಇವೇ ಅದರ ಊಟ. ನಾಯಿಗಳ ಮಟ್ಟಿಗೆ ಅದರಿಂದ ನಿಜವಾದ ಅಪಾಯ ಇರುವುದು ಕಣ್ಣು ಬಿಡದ ಮರಿಗಳಿಗೆ. ಹುಟ್ಟಿದ ಮರಿ ಮುನ್ನೂರು, ನಾನೂರು ಗ್ರಾಂ ಇರುತ್ತದೆ. ತಾಯಿನಾಯಿ ನೀರಿಗೆ ಎದ್ದು ಹೋದ ಹೊತ್ತಿನಲ್ಲಿ ಬಯಲಿನಲ್ಲಿ ಕುಂಯ್‌ಗುಟ್ಟುವ ಮರಿಯನ್ನು ಹದ್ದೂ ಒಯ್ಯಬಹುದು, ಕಾಗೆಗಳೂ ಕುಕ್ಕಬಹುದು. ಮೊದಲ ಒಂದು ತಿಂಗಳು ಮರಿಗಳ ಮೇಲೆ ಸೂರು ಇರಲೇಬೇಕು. ದನದ ಕೊಟ್ಟಿಗೆಯ ಮೂಲೆಯಾದರೂ ಸರಿ.

ಮತ್ತೊಂದು ಸಂದರ್ಭ ಗೂಡಿನದು. ಚಳಿಗಾಲದಿಂದ ಬೇಸಿಗೆಯ ಮೊದಲ ದಿನಗಳವರೆಗೆ ಹದ್ದುಗಳು ತೆಂಗು, ಆಲ, ಮೊಬೈಲ್ ಟವರುಗಳ ಮೇಲೆ ಗೂಡು ಕಟ್ಟುತ್ತವೆ. ಮರಿ ಇದ್ದಾಗ ಕೆಳಗೆ ಹಾದುಹೋಗುವ ಮನುಷ್ಯರ ತಲೆಗೂ ನಾಯಿಯ ಬೆನ್ನಿಗೂ ಎರಗುತ್ತವೆ. ದೆಹಲಿಯ ಹದ್ದುಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ನಿಶಾಂತ್ ಕುಮಾರ್ ಮತ್ತು ಜೊತೆಗಾರರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಹೀಗೆ ಎರಗುವ ಧೈರ್ಯ ಎಲ್ಲ ಹದ್ದುಗಳಿಗೂ ಒಂದೇ ಸಮನಾಗಿ ಇರುವುದಿಲ್ಲ. ಜನ ಮಾಂಸದ ತುಣುಕು ಎಸೆದು ಉಣಿಸುವ ಕಡೆ, ಕಸ ಬಿದ್ದಿರುವ ಬೀದಿಗಳಲ್ಲಿ ಅದು ಹೆಚ್ಚು. ಮನುಷ್ಯನಿಂದ ಊಟ ಸಿಗುತ್ತದೆಂದು ಕಲಿತ ಹಕ್ಕಿ ಮನುಷ್ಯನಿಗೆ ಹೆದರುವುದನ್ನೂ ಬಿಡುತ್ತದೆ. ಗೂಡಿನ ಮರದ ದಾರಿಯನ್ನು ಒಂದೆರಡು ತಿಂಗಳು ಬಿಟ್ಟು ನಾಯಿಯನ್ನು ಬೇರೆ ಕಡೆ ಅಡ್ಡಾಡಿಸಿ, ಇಲ್ಲವೇ ಕೊಡೆ ಹಿಡಿದು ಹೋಗಿ. ಮಾಳಿಗೆಯ ಮೇಲೆ ಎಲುಬು, ಮಾಂಸ ಇಟ್ಟು ನಾಯಿಗೆ ಉಣಿಸುವುದನ್ನು ಮಾತ್ರ ಇಂದೇ ನಿಲ್ಲಿಸಿ. ಹದ್ದು ಕೆಳಗಿಳಿಯುವುದು ಆ ಎಲುಬಿಗಾಗಿ, ನಾಯಿಗಾಗಿ ಅಲ್ಲ.

ಈ ಕಸದ ಎಳೆ ಹಿಡಿದು ಹೋದರೆ ನಿಜವಾದ ಅಪಾಯದ ಬಳಿಗೆ ಬರುತ್ತೇವೆ. ಊರ ಹೊರಗೆ, ಹಳ್ಳದ ದಂಡೆಗೆ ಸುರಿದ ಕೋಳಿ ಅಂಗಡಿಯ ತ್ಯಾಜ್ಯಕ್ಕೆ ಹಗಲು ಹದ್ದು ಬರುತ್ತದೆ, ಸಂಜೆ ಬೀದಿನಾಯಿಗಳ ಹಿಂಡು ಬರುತ್ತದೆ. ಆ ಹಿಂಡಿನ ವಾಸನೆ ಹಿಡಿದು ರಾತ್ರಿ ಚಿರತೆ ಬರುತ್ತದೆ.

2021ರ ಸೆಪ್ಟೆಂಬರನ್ನು ಹುಬ್ಬಳ್ಳಿ-ಧಾರವಾಡದವರು ಮರೆತಿರಲಾರರು. ನೃಪತುಂಗ ಬೆಟ್ಟದ ಆಸುಪಾಸಿನಲ್ಲಿ ಚಿರತೆ ಕಾಣಿಸಿಕೊಂಡಿತು. ಬೋನು, ಕ್ಯಾಮೆರಾ ಇಟ್ಟು ದಿನಗಟ್ಟಲೆ ಹುಡುಕಿದರು. ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟರು. ಅದೇ ತಿಂಗಳು ಧಾರವಾಡ ತಾಲ್ಲೂಕಿನ ಕವಲಗೇರಿಯಲ್ಲಿ ಚಿರತೆಯೊಂದು ಬೋನಿಗೆ ಬಿತ್ತು. ಕಾಡಿಲ್ಲದ ಬಯಲುಸೀಮೆಗೆ ಚಿರತೆ ಹೇಗೆ ಬಂತೆಂದು ಎಲ್ಲರೂ ಕೇಳಿದರು. ಚಿರತೆಗೆ ಬೇಕಾದದ್ದು ದಟ್ಟ ಕಾಡಲ್ಲ, ಮರೆ ಮತ್ತು ಊಟ. ನೀರಾವರಿ ಬಂದ ಕಡೆ ವರ್ಷದ ಬಹುಪಾಲು ಆಳೆತ್ತರ ನಿಲ್ಲುವ ಕಬ್ಬು ಅದಕ್ಕೆ ಮರೆ. ಊಟ ನಮ್ಮ ಅಂಗಳದಲ್ಲಿದೆ. 2022ರ ಅಂದಾಜಿನಂತೆ ಕರ್ನಾಟಕದಲ್ಲಿ 1,879 ಚಿರತೆಗಳಿವೆ. ಮಧ್ಯಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ದೊಡ್ಡ ಸಂಖ್ಯೆ.

ಆ ಊಟ ಯಾವುದು ಎಂದು ಸಂಶೋಧಕಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಪತ್ತೆ ಮಾಡಿದರು. ಅದೂ ಕಬ್ಬಿನ ಸೀಮೆ, ಕಾಡಿಲ್ಲ, ಮನೆಗಳು ಹೊಲದ ನಡುವೆ. ಚಿರತೆಯ ಲದ್ದಿ ಆಯ್ದು, ಅದರಲ್ಲಿನ ಕೂದಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಪ್ರಾಣಿಯದೆಂದು ಗುರುತಿಸಿದರು. ಚಿರತೆ ತಿಂದ ಮಾಂಸದಲ್ಲಿ ತೂಕದ ಲೆಕ್ಕಕ್ಕೆ 87 ಪ್ರತಿಶತ ಸಾಕುಪ್ರಾಣಿಗಳದು. ನಾಯಿಯೊಂದೇ 39 ಪ್ರತಿಶತ. ಬೆಕ್ಕು 15. ಆ ಕಣಿವೆಯಲ್ಲಿ ಆಡುಗಳ ಸಂಖ್ಯೆ ನಾಯಿಗಳಿಗಿಂತ ಎಷ್ಟೋ ಹೆಚ್ಚಿದ್ದರೂ ಆಡಿನ ಪಾಲು ನಾಯಿಗಿಂತ ಬಹಳ ಕಡಿಮೆ. ಯಾಕೆಂದರೆ ಆಡನ್ನು ಸಂಜೆ ಒಳಗೆ ಕೂಡಿ ಬಾಗಿಲು ಹಾಕುತ್ತಾರೆ. ನಾಯಿಯನ್ನು ಹೊರಗೆ ಬಿಡುತ್ತಾರೆ.

ಈ ಅಂಕಿಯನ್ನು ಓದಿದಾಗಿನಿಂದ ರಾತ್ರಿ ಸರಪಳಿಯಲ್ಲಿ ಕಟ್ಟಿದ ನಾಯಿಯನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬಿಟ್ಟ ನಾಯಿಗೆ ಓಡಲಾದರೂ ದಾರಿಯಿದೆ. ಕಟ್ಟಿದ ನಾಯಿ ಬೊಗಳಿ ತಾನು ಇರುವ ಜಾಗವನ್ನು ತಾನೇ ಸಾರಿ, ಸರಪಳಿಯ ಉದ್ದಕ್ಕಿಂತ ಆಚೆ ಹೋಗಲಾರದೆ ನಿಲ್ಲುತ್ತದೆ. ಚಿರತೆ ದೂರದಿಂದ ಅಟ್ಟಿಸಿಕೊಂಡು ಬರುವ ಪ್ರಾಣಿಯಲ್ಲ. ನೆಲಕ್ಕೆ ಅಂಟಿ, ಮರೆಯಿಂದ ಮರೆಗೆ ಸರಿದು, ಕೆಲವೇ ಮಾರು ದೂರಕ್ಕೆ ಬಂದ ಮೇಲೆ ಹಾರಿ, ಗಂಟಲಿಗೋ ಕುತ್ತಿಗೆಗೋ ಬಾಯಿ ಹಾಕುತ್ತದೆ. ಕೂಗುವ ಮೊದಲೇ ಉಸಿರು ಕಟ್ಟುತ್ತದೆ. ಬೆಳಗ್ಗೆ ಎದ್ದವರಿಗೆ ಸಿಗುವುದು ಬರಿಯ ಕೊರಳಪಟ್ಟಿ. ಹಿಮಾಲಯದ ಕುರಿಗಾಹಿಗಳು ತಮ್ಮ ದೊಡ್ಡ ನಾಯಿಗಳ ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ ತೊಡಿಸುವುದು ಈ ಒಂದು ಕಡಿತದಿಂದ ಉಳಿಸಲು. ಅಮೆರಿಕದಲ್ಲಿ ಕೊಯೊಟೆ ಎಂಬ ನರಿಯಂಥ ಪ್ರಾಣಿಯ ಹಾವಳಿಯಿರುವ ಕಡೆ ಸಣ್ಣ ನಾಯಿಗಳಿಗೆ ಗುಂಡುನಿರೋಧಕ ಬಟ್ಟೆಯಿಂದ ಮಾಡಿದ, ಮುಳ್ಳು ಹಚ್ಚಿದ ಅಂಗಿ ಮಾರುತ್ತಾರೆ. ಹತ್ತು ಹದಿನೈದು ಕಿಲೋದ ಕೊಯೊಟೆಗೆ ಅದು ನಡೆಯಬಹುದು. ಐವತ್ತು ಕಿಲೋದ ಚಿರತೆ ಆರು ಕಿಲೋದ ನಾಯಿಯನ್ನು ಅಂಗಿ ಸಮೇತ ಒಯ್ಯುತ್ತದೆ.

ಹಾಗಾದರೆ ಮಾಡುವುದೇನು? ಸಣ್ಣ ನಾಯಿ ರಾತ್ರಿ ಮನೆಯೊಳಗೇ ಮಲಗಲಿ. ಕಾವಲಿಗೆ ಹೊರಗೆ ಬೇಕೆನ್ನುವವರಿಗೆ ನನ್ನ ಉತ್ತರ ಒಂದೇ: ನಾಯಿಯ ಕಿವಿ ಗೋಡೆಯ ಒಳಗಿನಿಂದಲೂ ಕೇಳುತ್ತದೆ, ಅದರ ಬೊಗಳು ಒಳಗಿನಿಂದಲೂ ನಿಮ್ಮನ್ನು ಎಬ್ಬಿಸುತ್ತದೆ. ಒಳಗೆ ಜಾಗವಿಲ್ಲದಿದ್ದರೆ ನಾಲ್ಕೂ ಕಡೆ ಗಟ್ಟಿ ಜಾಳಿಗೆಯ, ಮೇಲೆ ಮುಚ್ಚಿಗೆ ಇರುವ ಗೂಡು ಮಾಡಿಸಿ. ಮುಚ್ಚಿಗೆಯನ್ನು ಬಹಳ ಜನ ಬಿಡುತ್ತಾರೆ. ಹತ್ತಡಿ ಗೋಡೆಯನ್ನು ಹಾರಿ ಹತ್ತುವ ಪ್ರಾಣಿಗೆ ತೆರೆದ ಗೂಡು ತಟ್ಟೆಯಲ್ಲಿಟ್ಟ ಊಟ. ಜಾಳಿಗೆಯ ಸಂದಿಯಲ್ಲಿ ಪಂಜ ತೂರಬಾರದು. ನಾಯಿ ಜಾಳಿಗೆಗೆ ಒತ್ತಿ ಮಲಗದಂತೆ ಒಳಗೊಂದು ಹಲಗೆಯ ಗೂಡು ಇಡಿ. ಮನೆಯ ಸುತ್ತ ಹತ್ತಿಪ್ಪತ್ತು ಮಾರು ಪೊದೆ, ಜಾಲಿ, ಕಸ ತೆಗೆದು ಬಯಲು ಮಾಡಿ. ಮುಸ್ಸಂಜೆ ಮತ್ತು ನಸುಕಿನಲ್ಲಿ ನಾಯಿಯನ್ನು ಹೊರಗೆ ಒಯ್ದರೆ ಕೈಯಲ್ಲಿ ಬ್ಯಾಟರಿ ಇರಲಿ, ಹಗ್ಗ ಗಿಡ್ಡವಾಗಿರಲಿ.

ಚಿರತೆಯನ್ನು ಹಿಡಿದು ದೂರ ಬಿಟ್ಟು ಬಂದರೆ ಮುಗಿಯಿತಲ್ಲ ಎನ್ನುವ ಮಾತು ಪ್ರತಿ ಸಲವೂ ಏಳುತ್ತದೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಅದನ್ನೇ ಮಾಡಿದರು. ಹಾಗೆ ಒಯ್ದು ಬಿಡಲು ಶುರು ಮಾಡಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂದು 2011ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಚಿರತೆ ಹೆದರಿ ಅಲೆಯುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಸುಮಾರು 35 ಚಿರತೆಗಳು ವರ್ಷಕ್ಕೆ 1,500ರಷ್ಟು ನಾಯಿಗಳನ್ನು ತಿಂದು, ಜನರಿಗೆ ಆಗಬಹುದಾದ ನಾಯಿಕಡಿತವನ್ನೂ ಹುಚ್ಚುನಾಯಿ ರೋಗವನ್ನೂ ಕಡಿಮೆ ಮಾಡುತ್ತಿವೆ ಎಂದು 2018ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ನಾಯಿ ಸಾಕಿದವರಿಗೆ ಇದು ಕಹಿ ಸುದ್ದಿ. ಆದರೂ ನಾಯಿಯ ಮೇಲಿನ ಪ್ರೀತಿಗೆ ಚಿರತೆಯನ್ನು ದ್ವೇಷಿಸಬೇಕಾಗಿಲ್ಲ. ಬಾಗಿಲು ಹಾಕಿದರೆ ಎರಡೂ ಉಳಿಯುತ್ತವೆ.

ಬೀದಿನಾಯಿಗಳ ಹಿಂಡು ಸಣ್ಣ ನಾಯಿಗೆ ದಿನನಿತ್ಯದ ಶತ್ರು. ಹಿಂಡು ಎದುರಾದರೆ ಓಡಬೇಡಿ, ನಾಯಿಯನ್ನು ಎದೆಗೆತ್ತಿಕೊಂಡು ನಿಧಾನ ಹಿಂದೆ ಸರಿಯಿರಿ. ಕಚ್ಚಿದ್ದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಪಶುವೈದ್ಯರ ಹತ್ತಿರ ಹೋಗಬೇಕು. ನಿಮಗೂ ತಾಗಿದ್ದರೆ ನೀವೂ ಚುಚ್ಚುಮದ್ದು ತಗೊಳ್ಳಲೇಬೇಕು. ಹೊಲದ ಬದುವಿನಲ್ಲಿ ಕೊಳಕುಮಂಡಲದ ಹಾವು ಇನ್ನೊಂದು. ಮೂಗು ತೂರಿಸುವ ಸ್ವಭಾವದ ನಾಯಿಗೆ ಮೋರೆಯ ಮೇಲೇ ಕಡಿತ ಬೀಳುತ್ತದೆ. ಅರವತ್ತು ಕಿಲೋದ ಮನುಷ್ಯನಿಗೆ ಹೋಗುವಷ್ಟೇ ವಿಷ ಐದು ಕಿಲೋದ ನಾಯಿಗೆ ಹೋದರೆ ಮೈತೂಕಕ್ಕೆ ಅದು ಹನ್ನೆರಡು ಪಟ್ಟು. ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಮದ್ದು, ಹೊತ್ತು ಕಳೆಯಬಾರದು.

ನಾಯಿಗೆ ಹಾಕಿಸುವ ಲಸಿಕೆ ಆಚೆಯ ಜೀವಕ್ಕೂ ಕಾಪು. 2018ರಲ್ಲಿ ಗುಜರಾತಿನ ಗಿರ್‌ನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳಲ್ಲಿ ಸಿಕ್ಕಿದ್ದು ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್. ಚಿರತೆಗೂ ಅದು ತಗಲುತ್ತದೆ.

ಇಷ್ಟಾಗಿಯೂ ಒಂದು ರಾತ್ರಿ ನಾಯಿ ಒಮ್ಮೆ ಕಿರುಚಿ ಸುಮ್ಮನಾದರೆ, ಕೋಲು ಹಿಡಿದು ಕಬ್ಬಿನೊಳಗೆ ನುಗ್ಗಬೇಡಿ. ಬೇಟೆ ಹಿಡಿದ ಚಿರತೆಯನ್ನು ಕತ್ತಲಲ್ಲಿ ಅಟ್ಟುವುದು ಮನುಷ್ಯರ ಪ್ರಾಣಕ್ಕೇ ಸಂಚಕಾರ. ಮನೆಯ ದೀಪಗಳನ್ನು ಹಚ್ಚಿ, ಮಕ್ಕಳನ್ನು ಒಳಗಿಟ್ಟು, ಬೆಳಕು ಹರಿದ ಮೇಲೆ ನೆಲ ನೋಡಿ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ, ಹೆಜ್ಜೆ ಉದ್ದುದ್ದ ಇರುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುವುದರಿಂದ ಅದರ ಹೆಜ್ಜೆ ಗುಂಡಗೆ, ಉಗುರಿಲ್ಲದೆ ಬೀಳುತ್ತದೆ. ಅಂಗಾಲಿನ ಹಿಂಬದಿಯಲ್ಲಿ ಮೂರು ಉಬ್ಬುಗಳು ಕಾಣುತ್ತವೆ. ಅಂಥ ಹೆಜ್ಜೆ ಸಿಕ್ಕರೆ ಕೋಳಿ ಕೆದರದಂತೆ, ದನ ತುಳಿಯದಂತೆ ಮೇಲೊಂದು ಬುಟ್ಟಿ ಬೋರಲು ಹಾಕಿ, ವಲಯ ಅರಣ್ಯ ಕಚೇರಿಗೆ ತಿಳಿಸಿ, ಅವರು ಬಂದು ಅಳೆಯುವವರೆಗೆ ಆ ಬುಟ್ಟಿಯನ್ನು ಯಾರೂ ಎತ್ತದಂತೆ ನೋಡಿಕೊಳ್ಳಿ.